ನ್ಯಾಯಾಧೀಶರಿಗೆ ಬೇಡವಾದ ವಿವರಗಳು: ಸ್ಕಾಟ್ಲೆಂಡಿನ ‘ಒಳ್ಳೆಯ ನೆರೆಯವರು’

ಸ್ಕಾಟ್ಲೆಂಡಿನ ಹಳ್ಳಿಗರು ಫೇರಿಗಳ ಹೆಸರೆತ್ತಲು ಹೆದರುತ್ತಿದ್ದರು. ಅದಕ್ಕೇ ತಗ್ಗುನಾಡಿನಲ್ಲಿ ಫೇರಿಗಳು ‘ಒಳ್ಳೆಯ ನೆರೆಯವರು’. ಗೇಲಿಕ್ ನುಡಿಯ ಬೆಟ್ಟಸೀಮೆಯಲ್ಲಿ ‘ಶೀ’ ಜನ. ಶೀ ಎಂದರೆ ದಿಬ್ಬ; ಶಾಂತಿ ಎಂಬ ಅರ್ಥವೂ ಆ ಪದಕ್ಕುಂಟು. ನಮ್ಮ ಮಕ್ಕಳ ಕಥೆಗಳಲ್ಲಿ ಫೇರಿಯನ್ನು ಕಿನ್ನರಿ ಎನ್ನುವ ರೂಢಿಯಿದೆ. ಇಲ್ಲಿ ಆ ಪದ ದಾರಿ ತಪ್ಪಿಸುತ್ತದೆ. ಇವರು ರೆಕ್ಕೆ ಬಡಿಯುವ ಚೆಲುವೆಯರಲ್ಲ. ದಿಬ್ಬದೊಳಗೆ ಸಂಸಾರ ಹೂಡಿ, ಬಾಣಂತಿಯನ್ನೂ ಕೂಸನ್ನೂ ಕದ್ದೊಯ್ಯುವ, ದನಗಳಿಗೆ ಬಾಣ ಬಿಡುವ ಜನ. ಮನೆಗೆಲಸ ಮಾಡಿಕೊಟ್ಟು, ಬಟ್ಟೆ ಕೊಟ್ಟರೆ ಮುನಿದು ಹೊರಟುಹೋಗುವ ಬ್ರೌನಿ, ಕುದುರೆಯ ರೂಪದಲ್ಲಿ ನೀರಿಗೆಳೆಯುವ ಕೆಲ್ಪಿ ಇವರ ದೂರದ ಬಳಗ.

ಈ ನಂಬಿಕೆಯ ಹಳೆಯ, ವಿವರವಾದ ಆಧಾರಗಳಲ್ಲಿ ಹಲವು ಸಿಗುವುದು ಮಾಟದ ಮೊಕದ್ದಮೆಗಳಲ್ಲಿ. 1563ರ ಕಾಯಿದೆ ಮಾಟಕ್ಕೆ ಮರಣದಂಡನೆ ವಿಧಿಸಿತ್ತು. ಫೇರಿಯ ಒಡನಾಟ ಕೋರ್ಟಿನ ಕಣ್ಣಿಗೆ ಸೈತಾನನ ಒಡನಾಟವೇ. ಇಂಥ ಬರಹವನ್ನು ಎಷ್ಟು ನಂಬುವುದು? ನನ್ನ ಅಳತೆಗೋಲು ಸರಳ: ಶಿಕ್ಷೆ ವಿಧಿಸಲು ಯಾವ ಉಪಯೋಗಕ್ಕೂ ಬಾರದ ವಿವರವೇ ಹೆಚ್ಚು ಬೆಲೆಯುಳ್ಳದ್ದು.

1576ರಲ್ಲಿ ಎಡಿನ್‌ಬರೋದಲ್ಲಿ ವಿಚಾರಣೆಗೆ ನಿಂತ ಏರ್‌ಶೈರಿನ ಬೆಸ್ಸಿ ಡನ್‌ಲಪ್‌ಳ ಹೇಳಿಕೆ ನೋಡಿ. ಹಸು ಸತ್ತಿತ್ತು, ಗಂಡನೂ ಕೂಸೂ ಕಾಯಿಲೆ ಬಿದ್ದಿದ್ದರು, ತಾನು ಹಸಿ ಬಾಣಂತಿ. ದನ ಹೊಡೆದುಕೊಂಡು ಅಳುತ್ತ ಹೋಗುವಾಗ ಥಾಮ್ ರೀಡ್ ಎದುರಾದ. ಬೂದು ಗಡ್ಡ, ಬೂದು ಕೋಟು, ಕರಿ ಟೊಪ್ಪಿಗೆ, ಕೈಯಲ್ಲಿ ಬಿಳಿ ಕೋಲು. ಇಂಗ್ಲಿಷರ ವಿರುದ್ಧ ನಡೆದ 1547ರ ಪಿಂಕಿ ಕದನದಲ್ಲಿ ಸತ್ತವನು ತಾನೆಂದು ಅವನೇ ಹೇಳಿಕೊಂಡನಂತೆ. ಹೊರಡುವಾಗ ಮನುಷ್ಯರು ತೂರಲಾರದಷ್ಟು ಕಿರಿದಾದ ಗೋಡೆಯ ಕಂಡಿಯಲ್ಲಿ ನುಸುಳಿ ಮಾಯವಾದ. ಅವಳ ಹೆರಿಗೆಯ ಹೊತ್ತಿನಲ್ಲಿ ದಪ್ಪನೆಯ ಹೆಂಗಸೊಬ್ಬಳು ಒಳಬಂದು ಬೆಂಚಿನ ಮೇಲೆ ಕೂತು ಕುಡಿಯಲು ಕೇಳಿದ್ದಳು. ಅವಳೇ ಎಲ್ಫೇಮ್‌ನ, ಅಂದರೆ ಫೇರಿನಾಡಿನ, ರಾಣಿ ಎಂದು ಥಾಮ್ ಆಮೇಲೆ ತಿಳಿಸಿದ. ಬಾಯಾರಿ ಬಂದು ಬೆಂಚಿನ ಮೇಲೆ ಕೂರುವ ರಾಣಿಯಲ್ಲಿ ಸೈತಾನನ ಸುಳಿವೆಲ್ಲಿ? ನೆರೆಮನೆಯಾಕೆಯ ಗುರುತೇ ಹೆಚ್ಚು. ಕೋರ್ಟು ಬೆಸ್ಸಿಯನ್ನು ಸುಡಿಸಿತು.

ನೂರು ವರ್ಷ ದಾಟಿದ ಮೇಲೆ ಅಬರ್‌ಫಾಯಿಲ್‌ನ ಪಾದ್ರಿ ರಾಬರ್ಟ್ ಕರ್ಕ್ ಇದೇ ಲೋಕವನ್ನು ಬೇರೆ ಉದ್ದೇಶಕ್ಕೆ ದುಡಿಸಿಕೊಂಡ. 1684ರಲ್ಲಿ ಬೈಬಲಿನ ಕೀರ್ತನೆಗಳನ್ನು ಗೇಲಿಕ್ ಪದ್ಯಕ್ಕೆ ತಂದಿದ್ದ ವಿದ್ವಾಂಸನೀತ. 1691ರ ಸುಮಾರಿಗೆ ಬರೆದ ‘ದ ಸೀಕ್ರೆಟ್ ಕಾಮನ್‌ವೆಲ್ತ್’ನಲ್ಲಿ ಫೇರಿಗಳು ಮನುಷ್ಯರಿಗೂ ದೇವದೂತರಿಗೂ ನಡುವಿನ ಜೀವಿಗಳು, ಮೈ ಗಟ್ಟಿಯಾದ ಮೋಡದಂತೆ, ಮುಸ್ಸಂಜೆಯಲ್ಲಿ ಚೆನ್ನಾಗಿ ಕಾಣುವಂಥದ್ದು, ಉಡುಗೆ, ನುಡಿ ಆಯಾ ನಾಡಿನದೇ. ಅದೃಶ್ಯ ಜೀವಿಗಳು ಇದ್ದಾರೆಂದು ತೋರಿಸಿದರೆ ನಾಸ್ತಿಕರ ಬಾಯಿ ಕಟ್ಟಬಹುದೆಂಬುದು ಅವನ ಲೆಕ್ಕ. ಆ ವಾದಕ್ಕಿಂತ, ನಡುವೆ ಅವನು ಹೇಳಿಬಿಡುವ ಸಂಗತಿ ನನಗೆ ರುಚಿಸುತ್ತದೆ: ಫೇರಿಗಳು ಮೂರು ತಿಂಗಳಿಗೊಮ್ಮೆ ಮನೆ ಬದಲಿಸುತ್ತವೆ, ದಾರಿಯಲ್ಲಿ ಅವು ಬಾಣ ಬಿಟ್ಟಾವೆಂದು ಜನ ಪ್ರತಿ ಮೂರು ತಿಂಗಳ ಮೊದಲ ಭಾನುವಾರ ತಪ್ಪದೆ ಚರ್ಚಿಗೆ ಬಂದು ತಮಗೂ ಬೆಳೆಗೂ ದನಕ್ಕೂ ರಕ್ಷೆ ಪಡೆಯುತ್ತಾರೆ, ಮುಂದಿನ ಮೂರು ತಿಂಗಳು ಹಲವರು ಅತ್ತ ಸುಳಿಯುವುದೇ ಇಲ್ಲ. ಊರಿನ ಪಾದ್ರಿಗಲ್ಲದೆ ಈ ಹಾಜರಿ ಲೆಕ್ಕ ಇನ್ನಾರಿಗೆ ಗೊತ್ತಿರಬೇಕು!

1692ರಲ್ಲಿ ಕರ್ಕ್ ತೀರಿಕೊಂಡ. ಸತ್ತಿಲ್ಲ, ದಿಬ್ಬದವರು ಒಯ್ದರು ಎಂದು ಊರು ಹೇಳಿತು. ಪುಸ್ತಕ ಅಚ್ಚಾದದ್ದು 1815ರಲ್ಲಿ, ಸಾಹಿತಿ ವಾಲ್ಟರ್ ಸ್ಕಾಟನ ಆಸಕ್ತಿಯಿಂದ.

ಇನ್ನು ಆ ಬಾಣಗಳು. 1699ರಲ್ಲಿ ಸ್ಕಾಟ್ಲೆಂಡಿಗೆ ಬಂದ ವೇಲ್ಸಿನ ವಿದ್ವಾಂಸ ಎಡ್ವರ್ಡ್ ಲ್ಹುಯಿಡ್ ‘ಫೇರಿ ಬಾಣ’ಗಳನ್ನು ನೋಡಿದ, ನ್ಯೂ ಇಂಗ್ಲೆಂಡಿನ ಮೂಲನಿವಾಸಿಗಳು ಬಾಣಕ್ಕೆ ಸಿಕ್ಕಿಸುವ ಚಕಮಕಿ ಕಲ್ಲಿನ ಮೊನೆಗಳಂತೆಯೇ ಇವೆಯೆಂದು ಗುರುತಿಸಿದ. ಇತಿಹಾಸಪೂರ್ವ ಕಾಲದವರ ಕೈಕೆಲಸ ಅವು. ಆದರೂ ಜನ ಅವಕ್ಕೆ ಬೆಳ್ಳಿ ಕಟ್ಟಿಸಿ ಕೊರಳಿಗೆ ಹಾಕಿಕೊಳ್ಳುವುದನ್ನು ಬಿಡಲಿಲ್ಲ. ದನ ಸೊರಗಿದರೆ ಅವನ್ನು ಅದ್ದಿದ ನೀರನ್ನೇ ಕುಡಿಸುತ್ತಿದ್ದರು.