ಅರ್ಧಕ್ಕೆ ನಿಲ್ಲಿಸಿದ್ದ ಒಂದು ಪಾಠ



ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬ ಹಿಮಾಚಲದ ಬೀರ್ ಬಿಲ್ಲಿಂಗ್‌ನಲ್ಲಿ ಪ್ಯಾರಾಗ್ಲೈಡಿಂಗ್ ಮಾಡಿದ ಚಿತ್ರವನ್ನು ಕಳುಹಿಸಿ, "ಸಾರ್, ನೀವು ಹೇಳಿದ ಲಿಲಿಯೆಂಥಾಲ್ ನೆನಪಾದ" ಎಂದು ಬರೆದಿದ್ದ. ಸಂತೋಷವಾಯಿತು. ಆದರೆ ಆ ಪಾಠವನ್ನು ನಾನು ಅರ್ಧಕ್ಕೇ ನಿಲ್ಲಿಸಿದ್ದೆನೆಂಬುದೂ ಹೊಳೆಯಿತು. ಉಳಿದರ್ಧವನ್ನು ಇಂದು ಪೂರೈಸುತ್ತೇನೆ.

ಜರ್ಮನಿಯ ಆಟ್ಟೋ ಲಿಲಿಯೆಂಥಾಲ್ ಕೊಕ್ಕರೆಗಳ ಹಾರಾಟವನ್ನು ವರ್ಷಗಟ್ಟಲೆ ಅಭ್ಯಾಸಮಾಡಿ, 1889ರಲ್ಲಿ ಆ ಕುರಿತು ಗ್ರಂಥವನ್ನೇ ಬರೆದನು. 1891ರಿಂದ ತಾನೇ ನಿರ್ಮಿಸಿದ ರೆಕ್ಕೆಗಳನ್ನು ಕಟ್ಟಿಕೊಂಡು ಗುಡ್ಡಗಳಿಂದ ತೇಲಿದನು. 1896ರ ಆಗಸ್ಟ್ 9ರಂದು ಕೆಳಗೆ ಬಿದ್ದು, ಮರುದಿನ ತೀರಿಕೊಂಡನು. ಮಾನವನ ಸಾಹಸಗಾಥೆಯೆಂದು ಇದನ್ನು ತರಗತಿಯಲ್ಲಿ ವರ್ಣಿಸುತ್ತಿದ್ದೆ. ಹಕ್ಕಿಯಿಂದ ಕಲಿತ ವಿದ್ಯೆಗೆ ಹಕ್ಕಿಗೇನು ಸಂದಿತೆಂದು ನಾನೂ ಕೇಳಲಿಲ್ಲ, ನೀವೂ ಕೇಳಲಿಲ್ಲ.

ಮುಂದೆ 1948ರಲ್ಲಿ ಅಮೆರಿಕದ ರೊಗಾಲೋ ದಂಪತಿಗಳು ಮೃದುವಾದ ಬಟ್ಟೆಯ ರೆಕ್ಕೆಯನ್ನು ರೂಪಿಸಿದರು. ಹ್ಯಾಂಗ್ ಗ್ಲೈಡರಿಗೆ ಅದೇ ಮೂಲವಾಯಿತು. 1978ರಲ್ಲಿ ಫ್ರಾನ್ಸಿನ ಓತ್ ಸಾವ್ವಾ ಪ್ರಾಂತ್ಯದ ಮಿಯೂಸಿ ಎಂಬ ಹಳ್ಳಿಯ ಇಳಿಜಾರಿನಿಂದ ಮೂವರು ಪ್ಯಾರಾಚೂಟ್ ಬಿಚ್ಚಿಕೊಂಡು ಓಡಿ ಹಾರಿದರು. ಆಲ್ಪ್ಸ್ ಪರ್ವತಗಳಲ್ಲಿ ಪ್ಯಾರಾಗ್ಲೈಡಿಂಗ್ ಬೇರೂರಿದ್ದು ಹೀಗೆ.

ಈ ಯಾನಕ್ಕೆ ಯಂತ್ರವಿಲ್ಲ, ಹೊಗೆಯಿಲ್ಲ, ಸದ್ದಿಲ್ಲ. ಹಾಗಿರುವಾಗ ಇದರಿಂದ ಯಾರಿಗೆ ತೊಂದರೆ? ಸ್ವಿಟ್ಜರ್ಲೆಂಡಿನ ಸಂಶೋಧಕರು ಷಾಮ್ವಾ ಎಂಬ ಕಾಡುಮೇಕೆಗಳನ್ನು ಗಮನಿಸಿದಾಗ ಉತ್ತರ ದೊರೆಯಿತು. ಮೇಲೆ ರೆಕ್ಕೆ ಕಾಣಿಸಿದೊಡನೆ ಅವು ಹುಲ್ಲುಗಾವಲನ್ನು ತೊರೆದು ಕಾಡಿನೊಳಗೆ ಓಡುತ್ತಿದ್ದವು. ಹದ್ದು ಮರಿಗಳನ್ನು ಎತ್ತಿಕೊಂಡು ಹೋಗುವ ನಾಡಿನಲ್ಲಿ ಆಕಾಶವೆಂದರೆ ಭಯವೇ ಸರಿ. ಕಾಲುದಾರಿಯಲ್ಲಿ ನಡೆವವನು ಎಲ್ಲಿಂದ ಬರುವನೆಂದು ಪ್ರಾಣಿ ಅರಿತಿರುತ್ತದೆ, ಆಕಾಶಕ್ಕೆ ಕಾಲುದಾರಿಯುಂಟೇ? ಬೇಸಗೆಯಲ್ಲಿ ಮೇಯದೆ ಕಳೆದ ಹೊತ್ತಿನ ಬೆಲೆಯನ್ನು ಆ ಪ್ರಾಣಿ ಹಿಮಗಾಲದಲ್ಲಿ ತೆರಬೇಕಾಗುತ್ತದೆ.

ಇನ್ನೊಂದು ಸಂಗತಿ. ಗಡ್ಡದ ರಣಹದ್ದನ್ನು ಜನರು ಬೇಟೆಯಾಡಿ, 20ನೆಯ ಶತಮಾನದ ಆದಿಭಾಗದಲ್ಲಿ ಆಲ್ಪ್ಸ್‌ನಿಂದಲೇ ಅಳಿಸಿಹಾಕಿದ್ದರು. 1986ರಿಂದ ಸಾಕಿದ ಮರಿಗಳನ್ನು ಪುನಃ ಅಲ್ಲಿ ಬಿಡಲಾಯಿತು. ಕಾಡಿನಲ್ಲೇ ಹುಟ್ಟಿದ ಮೊದಲ ಮರಿ ರೆಕ್ಕೆ ಬಿಚ್ಚಿದ್ದು 1997ರಲ್ಲಿ, ಅದೇ ಓತ್ ಸಾವ್ವಾ ಪ್ರಾಂತ್ಯದಲ್ಲಿ! ಈ ಹಕ್ಕಿ ನಡುಚಳಿಗಾಲದಲ್ಲಿ ಬಂಡೆಯ ಪೊಟರೆಯಲ್ಲಿ ಮೊಟ್ಟೆಯಿಟ್ಟು, ಸುಮಾರು 55 ದಿನ ಕಾವು ಕೊಡುತ್ತದೆ. ಬೆದರಿ ಗೂಡು ಬಿಟ್ಟೆದ್ದರೆ ಮೊಟ್ಟೆ ತಣ್ಣಗಾಗುತ್ತದೆ. ಒಂದು ವರ್ಷದ ಸಂತಾನವೇ ನಷ್ಟ. ಆದ್ದರಿಂದ ಫ್ರಾನ್ಸಿನಲ್ಲಿ ಗೂಡುಗಳ ಸುತ್ತ ಸೂಕ್ಷ್ಮವಲಯಗಳನ್ನು ಗುರುತಿಸಿದ್ದಾರೆ. ಗೂಡುಕಟ್ಟುವ ಕಾಲದಲ್ಲಿ ಅವುಗಳಿಂದ ದೂರವಿರಬೇಕೆಂದು ಹಾರುವವರನ್ನು ಕೋರುತ್ತಾರೆ.

ನಮ್ಮ ರಾಮನಗರದ ರಾಮದೇವರ ಬೆಟ್ಟವನ್ನು ನೆನೆಯಿರಿ. "ಶೋಲೆ" ಚಿತ್ರದಿಂದ ಪ್ರಸಿದ್ಧವಾದ ಆ ಬಂಡೆಗಳ ಮೇಲೆ ಉದ್ದಕೊಕ್ಕಿನ ರಣಹದ್ದು ವರ್ಷಕ್ಕೆ ಒಂದೇ ಮೊಟ್ಟೆಯಿಡುತ್ತದೆ. 2012ರಲ್ಲಿ ಅದು ರಣಹದ್ದುಗಳ ಧಾಮವಾಯಿತು. ಹಾರುವವನಿಗಾಗಲಿ ಬಂಡೆಯೇರುವವನಿಗಾಗಲಿ ನೀತಿ ಒಂದೇ.

ಹಾರಬೇಡವೆಂದು ನಾನು ಹೇಳಲಾರೆ. ಹದ್ದು ಸುತ್ತುವೆಡೆ ಬಿಸಿಗಾಳಿ ಮೇಲೇಳುತ್ತಿದೆಯೆಂದು ಹಾರುವವರು ಇಂದಿಗೂ ಹಕ್ಕಿಯನ್ನು ನೋಡಿಯೇ ತಿಳಿಯುತ್ತಾರೆ. ಗುರುವಿನಿಂದ ದಾರಿ ಕೇಳಿದವನು ಗುರುವಿನ ಮನೆಯ ಬಾಗಿಲನ್ನು ಒದೆಯಬಾರದು, ಅಷ್ಟೇ.

ಪಾಠ ಈಗ ಮುಗಿಯಿತು. ತಡವಾದುದಕ್ಕೆ ಕ್ಷಮೆಯಿರಲಿ.