ಸೀನು ಬಂದದ್ದು ಯಾರಿಗೆ?

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಕನ್ನಡ ಮಾಧ್ಯಮದ ಮಕ್ಕಳು ಬಹುಕಾಲ ಐದನೆಯ ತರಗತಿಯಲ್ಲಿ ಇಂಗ್ಲಿಷ್ ಅಕ್ಷರಮಾಲೆಯನ್ನು ಆರಂಭಿಸುತ್ತಿದ್ದರು. ಒಂದನೆಯ ತರಗತಿಯಿಂದಲೇ ಅದು ಬಂದದ್ದು 2007-08ರಲ್ಲಿ. ನಾನು ಪಾಠ ಮಾಡಿದ ಪುಸ್ತಕಗಳಲ್ಲಿ ರಾಜರು ಯುದ್ಧ ಮಾಡುತ್ತಿದ್ದರು, ವಿಜ್ಞಾನಿಗಳು ಶೋಧಿಸುತ್ತಿದ್ದರು. ಯಾರೂ ಆಕಳಿಸುತ್ತಿರಲಿಲ್ಲ, ಬಿಕ್ಕಳಿಸುತ್ತಿರಲಿಲ್ಲ, ತೇಗುತ್ತಿರಲಿಲ್ಲ. ಹೀಗಾಗಿ ಹತ್ತನೆಯ ತರಗತಿ ಮುಗಿಸಿದವನಿಗೂ 'ಯಾನ್', 'ಹಿಕಪ್', 'ಬೆಲ್ಚ್' ಎಂಬ ಪದಗಳು ಅಪರಿಚಿತವಾಗಿಯೇ ಉಳಿಯುತ್ತಿದ್ದವು.

ಪದ ತಿಳಿದರೂ ವಾಕ್ಯದಲ್ಲಿ ತೊಡಕಿತ್ತು. ರಜಾ ಅರ್ಜಿಗಳಲ್ಲಿ 'ಫೀವರ್ ಕೇಮ್ ಟು ಮಿ' ಎಂದು ಬರೆದು ಕೆಂಪು ಶಾಯಿಯ ಗೆರೆ ಎಳೆಸಿಕೊಂಡವರು ಈ ಪುಟದ ಓದುಗರಲ್ಲಿಯೂ ಇದ್ದಾರೆ. ಕನ್ನಡದಲ್ಲಿ ಜ್ವರ, ನಿದ್ದೆ, ಸೀನು ಎಲ್ಲವೂ ಹೊರಗಿನಿಂದ ಬರುವ ನೆಂಟರು. ನನಗೆ ಹಸಿವಾಗುತ್ತದೆ, ನನಗೆ ಆಕಳಿಕೆ ಬರುತ್ತದೆ, ನನಗೆ ಕನಸು ಬೀಳುತ್ತದೆ. 'ನಾನು' ಇಲ್ಲಿ ಕರ್ತೃವಲ್ಲ, ಚತುರ್ಥೀ ವಿಭಕ್ತಿಯಲ್ಲಿ ನಿಂತು ಅನುಭವಿಸುವವನು. ಇಂಗ್ಲಿಷಿನವನು ತಾನೇ ಸೀನುತ್ತಾನೆ, ತಾನೇ ಕನಸುತ್ತಾನೆ.

ಆದರೆ ಇಂಗ್ಲಿಷ್ ಮೊದಲಿನಿಂದಲೂ ಪೂರ್ತಿ ಹಾಗಿರಲಿಲ್ಲ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಹಸಿದವನು 'ಮೇ ಹಿಂಗ್ರಥ್' ಎನ್ನಬಹುದಿತ್ತು. ಅಂದರೆ, ನನಗೆ ಹಸಿಯುತ್ತದೆ. ಬಾಯಾರಿಕೆಗೂ ಕನಸಿಗೂ ಇಂಥದೇ ರಚನೆಯಿತ್ತು. 'ಲೈಕ್' ಎಂಬ ಕ್ರಿಯಾಪದಕ್ಕೆ ಆಗ ಹಿಡಿಸು ಎಂಬ ಅರ್ಥ; ವಸ್ತುವು ಮನುಷ್ಯನಿಗೆ ಹಿಡಿಸುತ್ತಿತ್ತು. ಕ್ರಮೇಣ ವಿಭಕ್ತಿ ಪ್ರತ್ಯಯಗಳು ಸವೆದು, ವಾಕ್ಯದ ಮೊದಲಿಗೆ ನಿಂತದ್ದೇ ಕರ್ತೃವೆಂಬ ನಿಯಮ ಗಟ್ಟಿಯಾಯಿತು. 'ಮಿ' ಹೋಗಿ 'ಐ' ಬಂದಿತು. ಷೇಕ್ಸ್‌ಪಿಯರನ ನಾಟಕಗಳಲ್ಲಿ ಬರುವ 'ಮಿಥಿಂಕ್ಸ್' ಆ ಹಳೆಯ ಮನೆಯ ಉಳಿದ ಕಂಬ: ನನಗೆ ತೋರುತ್ತದೆ. ಕೆಂಪು ಗೆರೆ ಎಳೆಸಿಕೊಂಡ ನಮ್ಮ ಹುಡುಗ ಇಂಗ್ಲೆಂಡಿನ ಅಜ್ಜಂದಿರಂತೆಯೇ ಯೋಚಿಸಿದ್ದ. ಗೆರೆ ಇರಲಿ, ಪರೀಕ್ಷೆಗೆ ಅದು ಬೇಕು. ಅದರ ಜೊತೆಗೆ ತರಗತಿಯಲ್ಲಿ ಏಳುತ್ತಿದ್ದ ನಗೆ ಮಾತ್ರ ಅನ್ಯಾಯದ್ದು.

ಸೀನುವ ಕ್ರಿಯೆಗೆ ಅಲ್ಲಿ ಆಗಲೂ ಮನುಷ್ಯನೇ ಕರ್ತೃ. ಆ ಪದದ ಕಥೆ ಬೇರೆಯೇ ಸ್ವಾರಸ್ಯದ್ದು. ಅದರ ಹಳೆಯ ರೂಪ 'ಫ್ನೇಯೋಸನ್'. ಹದಿನಾಲ್ಕನೆಯ ಶತಮಾನದ ಚಾಸರನಲ್ಲಿಯೂ 'ಫ್ನ' ಉಳಿದಿದೆ. ಅಂದಿನ ಬರವಣಿಗೆಯಲ್ಲಿ 'ಎಸ್' ಅಕ್ಷರವನ್ನು 'ಎಫ್'ನಂತೆಯೇ ಉದ್ದವಾಗಿ ಬರೆಯುತ್ತಿದ್ದುದರಿಂದ ಓದಿದವರು ಒಂದನ್ನು ಇನ್ನೊಂದೆಂದು ತಿಳಿದು 'ಸ್ನೀಝ್' ಹುಟ್ಟಿತೆಂದು ಹಲವು ವಿದ್ವಾಂಸರ ಮತ. ಬಿಕ್ಕಳಿಕೆಯ 'ಹಿಕಪ್' ಬರಿಯ ಅನುಕರಣ ಶಬ್ದ. ಅದಕ್ಕೆ ಕೆಮ್ಮಿನ ನಂಟೆಂದು ಭ್ರಮಿಸಿದವರು ಬಾಲದಲ್ಲಿ 'ಕಾಫ್' ಎಂಬುದರ ಕಾಗುಣಿತವನ್ನು ಅಂಟಿಸಿದರು. ಉಚ್ಚಾರಣೆ ಮಾತ್ರ ಬದಲಾಗಲಿಲ್ಲ.

ನಮ್ಮ ಪದಗಳು ಹೆಚ್ಚು ನೇರವಾಗಿ ಇಳಿದು ಬಂದಿವೆ. ತಮಿಳಿನ 'ವಿಕ್ಕು' ನಮ್ಮಲ್ಲಿ 'ಬಿಕ್ಕು'. ಹಳಗನ್ನಡದ 'ಪಸಿ' ಇಂದು 'ಹಸಿ', 'ಬೆಮರ್' ಇಂದು 'ಬೆವರು'. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ಅವರ ನಿಘಂಟು ಈ ಬಡ ಪದಗಳನ್ನೂ ಕಾವ್ಯಪದಗಳ ಪಕ್ಕದಲ್ಲಿಯೇ ಕೂರಿಸಿತು.

ಕನ್ನಡಕ್ಕೆ ಎರಡು ದಾರಿಗಳಿವೆ ಎಂಬುದನ್ನು ಮರೆಯಬಾರದು. ನಮ್ಮ ಅಡಿಕೆ ತೋಟದ ಮನೆಗಳಲ್ಲಿ ಹಿರಿಯರು ಉಣುಗೋಲು ದಾಟುವಾಗ ಒಮ್ಮೆ ಕೆಮ್ಮುತ್ತಿದ್ದರು. ಅದು ಒಳಗಿನವರಿಗೆ ಕೊಟ್ಟ ಸೂಚನೆ. 'ಅಜ್ಜ ಕೆಮ್ಮಿದರು' ಎಂದರೆ ಆಗಮನ, 'ಅಜ್ಜನಿಗೆ ಕೆಮ್ಮು ಬಂತು' ಎಂದರೆ ಕಷಾಯ. ಇಂಗ್ಲಿಷಿನ 'ಕಾಫ್ಡ್' ಎಂಬ ಒಂದೇ ಪದದಲ್ಲಿ ಈ ಇಬ್ಬರು ಅಜ್ಜಂದಿರನ್ನು ಬೇರ್ಪಡಿಸುವುದು ಕಷ್ಟ.

ಈಗ ಗಾಳಿ ತಿರುಗಿದೆ. ಅಮೆರಿಕದಿಂದ ಬೇಸಿಗೆ ರಜೆಗೆಂದು ಬಂಧುಗಳ ಮನೆಗೆ ಬಂದಿದ್ದ ಬಾಲಕಿಯೊಬ್ಬಳು ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಅಜ್ಜಿ, ನಾನು ಹಸಿವು" ಎಂದಳು. ಅಜ್ಜಿ ತಿದ್ದಲಿಲ್ಲ; ಎರಡು ತೆಳ್ಳೇವು ಹಾಕಿಕೊಟ್ಟರು.