ಅರಿಶಿನ-ಕುಂಕುಮದಿಂದ ಸಮಪಾಲಿನವರೆಗೆ: ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ದಾರಿ

ನಾನಿರೋದು ವಿಜಯವಾಡದ ಪಟಮಟದಲ್ಲಿ. ಈ ಕೃಷ್ಣಾ ಸೀಮೆಯಲ್ಲಿ ಮದುವೆ ಹೊತ್ತಿಗೆ ಮಗಳಿಗೆ ಕೊಡುವ ಜಮೀನಿಗೆ 'ಪಸುಪು ಕುಂಕುಮ' ಅಂತಾರೆ. ನಮ್ಮ ಅರಿಶಿನ-ಕುಂಕುಮವೇ ಅದು. ಕೊಟ್ಟರೆ ಅಪ್ಪನ ಪ್ರೀತಿ, ಕೊಡದಿದ್ದರೆ ಕೇಳೋ ಹಾಗಿಲ್ಲ. ಈ ಪ್ರೀತಿ ಹಕ್ಕಾಗಿದ್ದು ಹೇಗೆ? ಇವತ್ತು ಹಿಂದೂ ಕುಟುಂಬಗಳ ಕಾನೂನನ್ನಷ್ಟೇ ನೋಡೋಣ.

ಶುರು ಮಾಡೋದು ಮೈಸೂರಿನಿಂದ. 1933ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸಂಸ್ಥಾನ ಹಿಂದೂ ಸ್ತ್ರೀಯರ ಹಕ್ಕುಗಳಿಗಾಗಿ ಒಂದು ಕಾಯ್ದೆ ತಂದಿತು. ಮನೆ ಪಾಲಾದಾಗ ಮದುವೆಯಾಗದ ಮಗಳಿಗೆ ಅಣ್ಣತಮ್ಮಂದಿರ ಪಾಲಿನ ಕಾಲು ಭಾಗ ಸಿಗಬೇಕು ಅಂತ ಅದರಲ್ಲಿತ್ತು. ಆದರೆ ಬಳ್ಳಾರಿ, ಬೆಜವಾಡ ಎರಡೂ ಆಗ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿದ್ದವು. ಅಲ್ಲಿನ ಹೆಣ್ಣುಮಕ್ಕಳಿಗೆ ಈ ಕಾಲು ಭಾಗವೂ ಇರಲಿಲ್ಲ.

1956ರಲ್ಲಿ ಇಡೀ ದೇಶಕ್ಕೆ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ಮಗಳಿಗೂ ಪಾಲು ಅಂದಿತು, ಆದರೆ ಲೆಕ್ಕದಲ್ಲಿ ಒಂದು ತಿರುವಿತ್ತು. ಅಪ್ಪ, ಒಬ್ಬ ಮಗ, ಒಬ್ಬ ಮಗಳು ಅಂದ್ಕೊಳ್ಳಿ. ಅಮ್ಮ ಮೊದಲೇ ತೀರಿಕೊಂಡಿದ್ದಾರೆ. ನಾಲ್ಕು ಎಕರೆ ಪಿತ್ರಾರ್ಜಿತ ಗದ್ದೆ. ಹುಟ್ಟಿನಿಂದಲೇ ಹಕ್ಕು ಇದ್ದಿದ್ದು ಗಂಡಸರಿಗೆ ಮಾತ್ರ, ಹಾಗಾಗಿ ಅಪ್ಪನಿಗೆ ಎರಡು, ಮಗನಿಗೆ ಎರಡು. ಅಪ್ಪ ವಿಲ್ ಮಾಡದೆ ಹೋದರೆ ಅವರ ಎರಡು ಎಕರೆಯಲ್ಲಿ ಮಾತ್ರ ಇಬ್ಬರಿಗೂ ಸಮಪಾಲು. ಕೊನೆಗೆ ಮಗನಿಗೆ ಮೂರು ಎಕರೆ, ಮಗಳಿಗೆ ಒಂದು.

ಇದನ್ನು ಆಂಧ್ರದಲ್ಲಿ ಬದಲಿಸಿದ್ದು ಎನ್.ಟಿ. ರಾಮರಾವ್ ಸರ್ಕಾರ. ಅವರೂ ಕೃಷ್ಣಾ ಜಿಲ್ಲೆಯ ನಿಮ್ಮಕೂರಿನವರೇ. 1985ರ ಸೆಪ್ಟೆಂಬರ್ 5ರಿಂದ ಜಾರಿಗೆ ಬಂದ ತಿದ್ದುಪಡಿ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. ಅದೇ ನಾಲ್ಕು ಎಕರೆಯಲ್ಲಿ ಈಗ ಇಬ್ಬರಿಗೂ ಎರಡೆರಡು. ಕರ್ನಾಟಕದಲ್ಲಿ ಇಂಥ ಕಾನೂನು ಬಂದಿದ್ದು 1994ರಲ್ಲಿ. ಎರಡೂ ಕಡೆ ಒಂದೇ ಷರತ್ತು: ಅಷ್ಟರೊಳಗೆ ಮದುವೆಯಾಗಿದ್ದವರಿಗೆ ಇಲ್ಲ. ಒಂದೇ ಮನೆಯಲ್ಲಿ ಅಕ್ಕನಿಗಿಲ್ಲದ ಹಕ್ಕು ತಂಗಿಗೆ ಸಿಕ್ಕಿತು.

ಆ ಷರತ್ತು ಹೋಗಿದ್ದು 2005ರ ಕೇಂದ್ರ ತಿದ್ದುಪಡಿಯಲ್ಲಿ. ಕಾನೂನು ಬಂದ ದಿನ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಅಂತ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮವಾಗಿ ಆದ ಪಾಲುಗಳನ್ನು ಮಾತ್ರ ಮುಟ್ಟೋ ಹಾಗಿಲ್ಲ.

ಇದರಿಂದ ಏನಾಯ್ತು? ಕ್ಲಾಸ್ ಡೈನಿಂಗರ್ ಮತ್ತು ಸಂಗಡಿಗರು ಕರ್ನಾಟಕ, ಮಹಾರಾಷ್ಟ್ರದ ಹಳ್ಳಿಗಳನ್ನು ಅಧ್ಯಯನ ಮಾಡಿದರು. 1994ರ ಕಾನೂನಿನ ನಂತರ ಜಮೀನು ಪಡೆದ ಹೆಣ್ಣುಮಕ್ಕಳು ಹೆಚ್ಚಾದರು, ಅವರ ಓದೂ ಹೆಚ್ಚಿತು. ಆದರೂ ಗಂಡುಮಕ್ಕಳ ಸಮಕ್ಕೆ ಬರಲಿಲ್ಲ.

ಯಾಕೆ ಅಂದರೆ ಕಾನೂನು ಕೊಟ್ಟದ್ದನ್ನು ಒಂದು ಕಾಗದ ವಾಪಸ್ ತಗೊಳ್ಳುತ್ತೆ: ಹಕ್ಕು ಬಿಡುಗಡೆ ಪತ್ರ. "ಮದುವೆಗೆ ಖರ್ಚು ಮಾಡಿದೀವಲ್ಲ, ತವರು ಬೇಕಲ್ಲ" ಅಂದರೆ ಅಕ್ಕತಂಗಿಯರು ಓದದೇ ಸಹಿ ಹಾಕ್ತಾರೆ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿಯಾದ ಮೇಲೆ ಅದನ್ನು ರದ್ದು ಮಾಡಿಸೋದು ಬಹಳ ಕಷ್ಟ.

ಅಪ್ಪ ಸ್ವಂತ ದುಡಿಮೆಯಲ್ಲಿ ಮಾಡಿದ ಆಸ್ತಿ ಬೇರೆ. ಅದನ್ನು ಅವರು ಯಾರಿಗೆ ಬೇಕಾದರೂ ಬರೆಯಬಹುದು. ಪಿತ್ರಾರ್ಜಿತದ್ದು ಹಾಗಲ್ಲ. ಈ ಬ್ಲಾಗ್ ಓದೋರಲ್ಲಿ ಎಷ್ಟೋ ಜನ ಅಣ್ಣತಮ್ಮಂದಿರು. ಊರಲ್ಲಿ ಪಾಲಿನ ಮಾತು ಬಂದಾಗ ಆ ಪತ್ರದಲ್ಲಿ ಏನಿದೆ, ಅವಳ ಪಾಲೆಷ್ಟು ಅಂತ ಅಕ್ಕತಂಗಿಯರಿಗೆ ಮೊದಲು ಹೇಳಬೇಕಾದವರು ನಾವೇ.